ಕೆಳದಾರಿಯ ಜಿಝೊ

ಜಪಾನಿನ ಬಂದರೂರು ಯವತಹಾಮಾದ ಪೇಟೆಬೀದಿಯಲ್ಲಿ, ಛತ್ರಿ ರಿಪೇರಿಯವನಿಗೂ ಬೀಗ ಬಿದ್ದು ವರ್ಷಗಳಾದ ಬಟ್ಟೆಯಂಗಡಿಗೂ ನಡುವೆ, ಶಿಗೆಮತ್ಸುವಿನ ಆಟದಂಗಡಿ, ಕಾಸು ಹಾಕಿ ವಿಡಿಯೋ ಆಟ ಆಡುವ ಯಂತ್ರಗಳದ್ದು. ಮಧ್ಯಾಹ್ನ ಎರಡೂವರೆ ಆಯಿತೆಂದರೆ ಮಿಸಾವೊ ಅದರ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದ್ದಳು. ಮೈಯೆಲ್ಲ ಕರಿದ ಮೀನಿನ ವಾಸನೆ. ಬಂದರಿನ ಬಳಿಯ ಅಂಗಡಿಯಲ್ಲಿ ಬೆಳಗಿನಿಂದ ಸಣ್ಣ ಮೀನನ್ನು ಮುಳ್ಳುಸಮೇತ ರುಬ್ಬಿ, ತಟ್ಟಿ, ಎಣ್ಣೆಗೆ ಬಿಟ್ಟು ಜಾಕೊತೆನ್ ಕರಿಯುವುದು ಅವಳ ಕೆಲಸ. ಅರವತ್ತೊಂದು ವರ್ಷದ ಹೆಂಗಸು. ಮೊದಲ ದಿನ ಅವಳು ಬಂದಾಗ ಶಿಗೆಮತ್ಸು, ಪಾಪ, ಶೌಚಾಲಯ ಹುಡುಕಿಕೊಂಡು ಬಂದವಳೆಂದು ತಿಳಿದು ಹಿಂಬದಿಗೆ ಕೈ ತೋರಿಸಿದ್ದ.

ಅವಳು ಬಂದದ್ದು ಮೂಲೆಯಲ್ಲಿದ್ದ ಒಂದು ಹಳೆಯ ಯಂತ್ರಕ್ಕಾಗಿ. ಮತ್ಸುಯಾಮಾದಲ್ಲಿ ಇಂಥವನ್ನು ಕೂಡಿಹಾಕುವ ಗೃಹಸ್ಥನೊಬ್ಬ ಒಂದು ತಿಂಗಳ ಮಟ್ಟಿಗೆ ಅದನ್ನು ಇಲ್ಲಿ ಇರಿಸಿದ್ದ. ಬರುವ ಭಾನುವಾರ ಬೆಳಿಗ್ಗೆ ಅವನ ವ್ಯಾನು ಬಂದು ಒಯ್ಯುತ್ತದೆ. ಮಿಸಾವೊಗೆ ಸುದ್ದಿ ಮುಟ್ಟುವ ಹೊತ್ತಿಗೆ ಉಳಿದದ್ದು ಹತ್ತೇ ದಿನ.

ಆಟದ ಹೆಸರು ‘ಫುಮಿಹಾಚಿಯ ಓಟ’. ಫುಮಿಹಾಚಿ ಎಂಬ ಅಂಚೆಯಾಳು ಪತ್ರಗಳ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಎಡದಿಂದ ಬಲಕ್ಕೆ ಓಡುತ್ತಾನೆ. ಕಾಗೆಗಳು ಎರಗುತ್ತವೆ, ಪೊದೆಯಿಂದ ಕಳ್ಳರು ಹಾರುತ್ತಾರೆ, ಕಾಲಿಟ್ಟ ಸೇತುವೆ ಕಾಲಡಿಯಲ್ಲೇ ಉದುರುತ್ತದೆ. ಪರದೆ ತಾನಾಗಿ ಸರಿಯುತ್ತಲೇ ಇರುತ್ತದೆ. ನಿಂತು ಉಸಿರು ತಿರುಗಿಸಿಕೊಳ್ಳೋಣವೆಂದರೆ ಎಡಗಡೆಯ ಅಂಚೇ ಬಂದು ಅವನನ್ನು ಅಪ್ಪಚ್ಚಿ ಮಾಡುತ್ತದೆ. ಮೂರು ಜೀವ. ಮೂರೂ ಹೋದರೆ ಮತ್ತೆ ಮೊದಲ ಹಳ್ಳಿಯಿಂದ.

ಮೊದಲ ದಿನ ಅವಳ ಫುಮಿಹಾಚಿ ಹಳ್ಳಿಯ ಬಾವಿಯನ್ನೂ ದಾಟಲಿಲ್ಲ. ಎರಡನೆಯ ದಿನ ಬಾವಿ ದಾಟಿ ಎಮ್ಮೆಗೆ ಸಿಕ್ಕಿದ. ಮೂರನೆಯ ದಿನ ಮತ್ತೆ ಬಾವಿಗೆ ಬಿದ್ದ.

"ಅಕ್ಕ, ಆ ಬಾವಿಗೆ ನಿಮ್ಮ ಹೆಸರೇ ಇಡೋಣ ಬಿಡಿ," ಎಂದ ಹಿಂದಿನ ಮಡಚುಕುರ್ಚಿಯಲ್ಲಿ ಕೂತಿದ್ದ ಒಚಿ. ಅವನು ಆಚೆ ದಡದ ಬೆಪ್ಪು ಊರಿಗೆ ಹೋಗುವ ಹಡಗಿನಲ್ಲಿ ಹಗ್ಗ ಕಟ್ಟುವವನು, ನಲವತ್ತು ದಾಟಿದವನು. ಹಡಗು ಬಂದು ಹೋಗುವ ನಡುವಿನ ಹೊತ್ತನ್ನೆಲ್ಲ ಇಲ್ಲಿಯೇ ಕಳೆಯುತ್ತಿದ್ದ. ಯಾರಾದರೂ ಹಿಂದೆ ಕಾದಿದ್ದರೆ ಒಂದಾಟ ಆಡಿ ಎದ್ದುಬಿಡಬೇಕು; ಅದು ಆಟದಂಗಡಿಯ ಮರ್ಯಾದೆ. ಮಿಸಾವೊ ಎದ್ದು, ತಲೆ ತಗ್ಗಿಸಿ, ಜಾಗ ಬಿಟ್ಟುಕೊಟ್ಟಳು. ಆದರೆ ಕಾಯುವಾಗ ಅವಳ ಬೆರಳುಗಳು ಸುಮ್ಮನಿರಲಿಲ್ಲ. ಮೊಣಕಾಲ ಮೇಲೆ ಗುಂಡಿ ಒತ್ತುತ್ತಲೇ ಇದ್ದವು.

ಮನೆಯಲ್ಲೂ ಹಾಗೆಯೇ. ಅನ್ನ ಕಲಸುವಾಗ ಕಾಗೆ, ಹಲ್ಲುಜ್ಜುವಾಗ ಕಳ್ಳ. ನಾಲ್ಕನೆಯ ಬೆಳಿಗ್ಗೆ ಎರಡು ತಟ್ಟೆ ಜಾಕೊತೆನ್ ಸೀದು ಕರಿಯಾಯಿತು. "ಮಿಸಾವೊಸಾನ್, ಬಾಣಲೆ ಇಲ್ಲಿದೆ, ನೀವು ಎಲ್ಲಿದೀರಿ?" ಎಂದಳು ಅಂಗಡಿಯೊಡತಿ. 

ಐದನೆಯ ದಿನ ಶಿಗೆಮತ್ಸು ಬಾರ್ಲಿ ಚಹಾ ತಂದು ಅವಳ ಪಕ್ಕ ಇಟ್ಟ. ಅವನು ಮಾತು ಕಡಿಮೆಯ ಮುದುಕ. "ಬೇಜಾರು ಮಾಡ್ಕೋಬೇಡಿ. ಇಷ್ಟೊಂದು ಯಂತ್ರ ಇದೆ, ಸುಲಭದ್ದು ಬೇಕಾದಷ್ಟಿದೆ. ಇದೇ ಯಾಕೆ?"

ಮಿಸಾವೊ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. "ಇದರ ಮೂರನೇ ಘಟ್ಟದ ಬೆಟ್ಟ, ಬಿದಿರು, ಮೆಟ್ಟಿಲು, ಅದನ್ನೆಲ್ಲ ಬಿಡಿಸಿದ್ದು ನಾನು," ಎಂದಳು.

ಒಚಿ ಆಡುತ್ತಿದ್ದವನು ತಿರುಗಿ ನೋಡಿದ; ಅಷ್ಟರಲ್ಲಿ ಅವನ ಫುಮಿಹಾಚಿ ಸತ್ತ.

ಇಪ್ಪತ್ತೈದರ ಆಸುಪಾಸಿನಲ್ಲಿ ಮಿಸಾವೊ ಓಸಾಕಾದಲ್ಲಿ ಈ ಆಟ ತಯಾರಿಸಿದ ಒಂದು ಸಣ್ಣ ಕಂಪನಿಯಲ್ಲಿದ್ದಳು. ಚೌಕುಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತ ಚಿತ್ರ ಮಾಡುವುದು, ಇಷ್ಟು ಹಸಿರು, ಇಷ್ಟು ಬೂದು ಎಂದು. ಮೂರನೆಯ ಘಟ್ಟಕ್ಕೆ ಅವಳು ತನ್ನ ಊರಿನ ಕಿತ್ತಳೆಗುಡ್ಡದ ದಾರಿಯನ್ನೇ ಇಳಿಸಿದಳು. ಆ ದಾರಿಯ ತಿರುವಿನಲ್ಲಿ ಒಬ್ಬ ಜಿಝೊ ಇದ್ದ. ಸತ್ತ ಮಕ್ಕಳ ಕೈ ಹಿಡಿದು ನಡೆಸುವ ಕಲ್ಲುದೇವರು. ಮಿಸಾವೊಳ ತಮ್ಮ ನಲವತ್ತು ದಿನ ಬದುಕಿ ಹೋದಾಗ ತಾಯಿ ನಿಲ್ಲಿಸಿದ್ದು. ತಲೆ ಎಡಕ್ಕೆ ತುಸು ವಾಲಿದೆ, ಮೂಗು ಮುರಿದಿದೆ, ಕೊರಳಿಗೆ ತಾಯಿ ಹೊಲಿದ ಕೆಂಪು ಬಟ್ಟೆ. ತಮ್ಮನಿಗೆ ಒಂದು ಫೋಟೊ ಇಲ್ಲ. ಜಿಝೊಗೂ ಇಲ್ಲ, ದಿನಾ ದಾಟಿ ಹೋಗುವ ಕಲ್ಲಿನ ಫೋಟೊ ಯಾರು ತೆಗೆಯುತ್ತಾರೆ? ಅಡ್ಡ ಹದಿನಾರು, ಉದ್ದ ಹದಿನಾರು ಮನೆಯೊಳಗೆ ಮಿಸಾವೊ ಅವನನ್ನು ಕೂರಿಸಿದಳು. ಮುರಿದ ಮೂಗಿಗೆ ಒಂದು ಮನೆ ಖಾಲಿ ಬಿಟ್ಟಳು.

ಆ ವಾರವೇ ಕಂಪನಿಯ ಮೇಲಧಿಕಾರಿ ಬಂದು, ಯಂತ್ರದ ನೆನಪಿನಲ್ಲಿ ಜಾಗ ಸಾಲುತ್ತಿಲ್ಲ, ಓಡುವವನ ಕಾಲು ತಾಗದ್ದನ್ನೆಲ್ಲ ಕಿತ್ತುಹಾಕಿ ಎಂದ. ಜಿಝೊಗೆ ಯಾರ ಕಾಲೂ ತಾಗುವುದಿಲ್ಲ. ಮಾರನೆಯ ದಿನ ತಂದೆ ಹಾಸಿಗೆ ಹಿಡಿದ ಸುದ್ದಿ ಬಂತು. ಮಿಸಾವೊ ಊರಿಗೆ ಹೊರಟವಳು ಮತ್ತೆ ಓಸಾಕಾಗೆ ಹೋಗಲಿಲ್ಲ. ವರ್ಷದೊಳಗೆ ಕಂಪನಿ ಮುಚ್ಚಿತು. ಕೆಲವು ವರ್ಷಗಳ ಹಿಂದೆ ಮಳೆಗೆ ಗುಡ್ಡ ಜರಿದು ಆ ತಿರುವು, ಕಲ್ಲು, ಕೆಂಪು ಬಟ್ಟೆ ಎಲ್ಲ ಸಮುದ್ರ ಸೇರಿತು. ಹುಡುಕಿದರು, ಸಿಗಲಿಲ್ಲ.

"ಹಾಗಾಗಿ," ಎಂದಳು ಮಿಸಾವೊ, "ಇದರೊಳಗೆ ಇದಾನೋ ಇಲ್ವೋ, ಅಷ್ಟು ಗೊತ್ತಾಗಬೇಕು."

ಒಚಿ ಫೋನು ತೆಗೆದು ಹುಡುಕಿದ. ಈ ಆಟದ ವಿಡಿಯೋ ಇದ್ದದ್ದು ಒಂದೇ. ಮೂರನೇ ಘಟ್ಟದಲ್ಲಿ ಆಡುವವನು ಮೇಲಿನ ಸೇತುವೆ ಹಿಡಿದು ದಡಬಡ ದಾಟಿಬಿಟ್ಟಿದ್ದ.

"ಜಿಝೊ ಕೆಳಗೆ, ಕಣಿವೆಯ ದಾರಿಲಿ," ಎಂದಳು ಮಿಸಾವೊ.

"ಕೆಳಗೆ ಯಾರೂ ಹೋಗಲ್ಲ ಅಕ್ಕ. ಬಂಡೆ ಉರುಳ್ತವೆ, ಸಿಗೋದು ಏನೂ ಇಲ್ಲ." ಅವನು ಗಲ್ಲ ಕೆರೆದುಕೊಂಡ. "ಒಂದು ಕೆಲಸ ಮಾಡೋಣ. ನಾನು ಹೋಗ್ತೀನಿ. ನೀವು ಪಕ್ಕ ಕೂತು ನೋಡಿ. ಹಿಂದೆ ಊರವರೆಲ್ಲ ಸೇರಿ ತಮ್ಮ ಪರವಾಗಿ ಒಬ್ಬನ್ನ ಇಸೆ ದೇವಸ್ಥಾನದ ಯಾತ್ರೆಗೆ ಕಳಿಸ್ತಿರಲಿಲ್ವಾ, ಹಾಗೆ."

ಮಿಸಾವೊಗೆ ಆಸೆಯಾಯಿತು. ಹೌದೆಂದು ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಕಾಲು ನಡೆಯದವರು ಬದಲಿಯನ್ನು ಕಳಿಸಬೇಕು. ತನ್ನ ಬೆರಳು ಇನ್ನೂ ಆಡುತ್ತವೆ. "ಶನಿವಾರದವರೆಗೆ ನೋಡ್ತೀನಿ," ಎಂದಳು.

"ಹಾಗಾದ್ರೆ ಒಂದು ಮಾತು. ಬೈಕೋಬಾರದು. ನೀವು ದಾರೀಲಿ ಬಿದ್ದದ್ದನ್ನೆಲ್ಲ ಯಾಕೆ ಆರಿಸ್ಕೋತೀರಿ?"

ದಾರಿಯಲ್ಲಿ ಒನಿಗಿರಿ ಅನ್ನದುಂಡೆಗಳು ಬಿದ್ದಿರುತ್ತಿದ್ದವು, ಹುಲ್ಲಿನ ಚಪ್ಪಲಿಗಳಿರುತ್ತಿದ್ದವು. ಅನ್ನ ತಿಂದರೆ ಫುಮಿಹಾಚಿಗೆ ಬಲ, ಚಪ್ಪಲಿ ಮೆಟ್ಟಿದರೆ ವೇಗ. ಮಿಸಾವೊ ಒಂದನ್ನೂ ಬಿಡುತ್ತಿರಲಿಲ್ಲ. ಪ್ರಾಣ ಹೋದರೂ ಹಿಂದೆ ಸರಿದು ಎತ್ತಿಕೊಳ್ಳುತ್ತಿದ್ದಳು. ಅವಳ ಅಜ್ಜಿ ಚಾಪೆಯ ಸಂದಿಗೆ ಬಿದ್ದ ಒಂದು ಅಗುಳನ್ನೂ ಆರಿಸಿ ಬಾಯಿಗೆ ಹಾಕಿಸಿದವಳು.

"ಅನ್ನ ಕಣಪ್ಪ. ಮಣ್ಣಲ್ಲಿ ಬಿಟ್ಟು ಹೋಗ್ತಾರಾ?"

ಒಚಿ ಯಂತ್ರದ ಬದಿಗೆ ದಾರ ಕಟ್ಟಿ ನೇತುಹಾಕಿದ್ದ ನೋಟುಬುಕ್ಕನ್ನು ಅವಳ ತೊಡೆಯ ಮೇಲಿಟ್ಟ. ಆಡಿದವರು ತಾವು ಕಂಡದ್ದನ್ನು ಮುಂದಿನವರಿಗಾಗಿ ಬರೆದಿಡುವ ಪುಸ್ತಕ ಅದು; ಯಂತ್ರದ ಜೊತೆ ಅದೂ ಊರೂರು ತಿರುಗುತ್ತದೆ. ಎಷ್ಟೋ ಕೈಗಳ ಅಕ್ಷರ. ಅದರಲ್ಲಿ ಒಂದು ಸಾಲನ್ನು ಯಾರೋ ಎರಡು ಗೆರೆ ಎಳೆದು ಬರೆದಿದ್ದರು: ಸಿಕ್ಕಿದ್ದನ್ನೆಲ್ಲ ಎತ್ತಬೇಡಿ. ಯಂತ್ರ ಲೆಕ್ಕ ಇಡುತ್ತದೆ. ನೀವು ಎತ್ತಿದಷ್ಟೂ ಕಾಗೆಗಳು ಚುರುಕಾಗುತ್ತವೆ.

ಮಿಸಾವೊ ಆ ಸಾಲನ್ನು ಮೂರು ಸಲ ಓದಿದಳು. ಆಗ ಅವಳಿಗೆ ತೊಕುನಾಗಾ ನೆನಪಾದ. ಕಂಪನಿಯಲ್ಲಿ ಅವಳ ಎದುರು ಮೇಜಿನವನು, ಕಾಗೆ-ಕಳ್ಳರ ಓಟವನ್ನೆಲ್ಲ ಲೆಕ್ಕಕ್ಕೆ ಕೂರಿಸಿದವನು. ದೇವಸ್ಥಾನದ ಅರ್ಚಕರ ಮನೆಯ ಮಗ. ಊರಿಂದ ಅವಳಿಗೆ ಕಿತ್ತಳೆಯ ಪೆಟ್ಟಿಗೆ ಬಂದಾಗಲೆಲ್ಲ ಅರ್ಧ ಅವನ ಮೇಜಿಗೇ ಹೋಗುತ್ತಿತ್ತು. ಹೆಚ್ಚು ಹೊತ್ತವನಿಗೆ ದಾರಿ ಹೆಚ್ಚು ಕಡಿದಾಗಿರಬೇಕು, ಎಂದು ಅವನು ಒಮ್ಮೆ ಸಿಪ್ಪೆ ಸುಲಿಯುತ್ತ ಹೇಳಿದ್ದ. ಅವಳು ಅದನ್ನು ಧರ್ಮದ ಮಾತೆಂದುಕೊಂಡಿದ್ದಳು, ಆಟದ ಮಾತೆಂದು ತಿಳಿದಿರಲಿಲ್ಲ.

ತಿಳಿದರೇನು, ಕೈ ಕೇಳಬೇಕಲ್ಲ. ಮಂಗಳವಾರ, ಬುಧವಾರ ಎರಡೂ ದಿನ ಅವಳ ಬೆರಳು ಅನ್ನ ಕಂಡಲ್ಲಿ ವಾಲಿತು. ಎತ್ತಬಾರದೆಂದು ಹಲ್ಲು ಕಚ್ಚಿ ದಾಟಿದರೆ, ದಾಟಿದ್ದು ಮನಸ್ಸಿಗೆ ಚುಚ್ಚಿ ಮುಂದಿನ ಹೆಜ್ಜೆ ತಪ್ಪುತ್ತಿತ್ತು. ಮನೆಗೆ ಬಂದು ಕೂತರೆ ಎದ್ದು ನಿಲ್ಲುವಳು, ನಿಂತರೆ ಕೂರುವಳು. ಕಿಟಕಿ ತೆರೆಯುವಳು, ಮುಚ್ಚುವಳು. ಇನ್ನು ಮೂರು ದಿನ.

ಗುರುವಾರ ಬೆಳಿಗ್ಗೆ ಅಂಗಡಿಯ ಮುಂದೆ ಬಿಳಿಯಂಗಿಯ ಯಾತ್ರಿಕನೊಬ್ಬ ಹಾದುಹೋದ, ಗಂಟೆ ಕಟ್ಟಿದ ದಂಡ ಹಿಡಿದು. ಮಿಸಾವೊ ಎಂದಿನಂತೆ ಎರಡು ಬಿಸಿ ಜಾಕೊತೆನ್ ಕಾಗದದಲ್ಲಿ ಸುತ್ತಿ ಕೊಟ್ಟಳು. ಅವನು ಕೈ ಮುಗಿದು ತೆಗೆದುಕೊಂಡ. ಅವನ ಬೆನ್ನನ್ನೇ ನೋಡುತ್ತ ನಿಂತಾಗ ಅವಳಿಗೆ ಊರಿನ ಗುಡ್ಡದ ದಾರಿ ಕಣ್ಣಿಗೆ ಕಟ್ಟಿತು. ಜಿಝೊ ಪಕ್ಕದಲ್ಲೊಂದು ಬಿದಿರ ಬುಟ್ಟಿ. ಅದರ ತುಂಬ ಕಿತ್ತಳೆ. ನಡೆದು ಬರುವ ಯಾತ್ರಿಕರಿಗೆಂದು ತಾಯಿ ಇಡುತ್ತಿದ್ದದ್ದು. ಶಾಲೆಯಿಂದ ಎಷ್ಟೇ ಹಸಿದು ಬಂದರೂ ಮಿಸಾವೊ ಅದನ್ನು ಮುಟ್ಟುತ್ತಿರಲಿಲ್ಲ. ಅದು ಹಿಂದೆ ಬರುವವರದು. ಮುಟ್ಟದೆ ದಾಟಿದ್ದಕ್ಕೆ ಹಣ್ಣು ಹಾಳಾಯಿತೆಂದು ಒಂದು ದಿನವೂ ಅನಿಸಿರಲಿಲ್ಲ.

ಅಂದು ಮಧ್ಯಾಹ್ನ ಅನ್ನದುಂಡೆ ಕಂಡಾಗ ಅವಳು ಬಾಯಿಬಿಟ್ಟೇ ಹೇಳಿದಳು: "ಹಿಂದೆ ಬರೋರಿಗೆ."

"ಹಿಂದೆ ಬರ್ತಿರೋದು ಕಾಗೆ ಮಾತ್ರ, ಅಕ್ಕ," ಎಂದ ಒಚಿ.

"ಕಾಗೆಗೂ ಹೊಟ್ಟೆ ಇದೆಯಲ್ಲ."

ಚಪ್ಪಲಿ ಬಂತು. ಹಿಂದೆ ಬರೋರಿಗೆ. ಇನ್ನೊಂದು ಅನ್ನ. ಹಿಂದೆ ಬರೋರಿಗೆ. ಬಾವಿ ದಾಟಿತು, ಎಮ್ಮೆ ದಾಟಿತು. ಕಾಗೆಗಳು ಸೋಮಾರಿಗಳಂತೆ ರೆಕ್ಕೆ ಬಡಿಯುತ್ತ ಬಂದವು. ಬರಿಗಾಲಿನ ಫುಮಿಹಾಚಿ ನಿಧಾನಕ್ಕೆ, ಆದರೆ ಬಿಡದೆ ಓಡಿದ. ಅಂದು ಎರಡನೇ ಘಟ್ಟದ ಕೊನೆ ಕಂಡಳು. ಶುಕ್ರವಾರ ಮೂರನೆಯದರ ಬಾಗಿಲಿಗೆ ಹೋಗಿ, ತಾನೇ ಬಿಡಿಸಿದ ಮೊದಲ ಬಿದಿರಮೆಳೆಯನ್ನು ನೋಡಿ ಗುರುತು ಹಿಡಿಯುವಷ್ಟರಲ್ಲಿ ಸತ್ತಳು. ಆ ರಾತ್ರಿ ನಿದ್ದೆ ಎಂಬುದು ಬಾಗಿಲತನಕ ಬಂದು ವಾಪಸು ಹೋಯಿತು.

ಶನಿವಾರ ಅವಳು ಹನ್ನೆರಡಕ್ಕೇ ಬಂದಳು. ಅಂಗಡಿಯೊಡತಿ, "ಇವತ್ತು ನೀವು ಕರಿದ್ರೆ ನಾವು ಬಾಗಿಲು ಹಾಕ್ಬೇಕಾಗುತ್ತೆ," ಎಂದು ತಾನೇ ಕಳಿಸಿದ್ದಳು. ಒಂದಾಟ ಹೋಯಿತು. ಒಚಿ ಆಡಿ ಎದ್ದ. ಎರಡನೆಯದು ಹೋಯಿತು. ಮತ್ತೆ ಒಚಿ, ಮತ್ತೆ ಅವಳು. ಮೂರೂವರೆಗೆ ಅವನ ಹಡಗು. ಮೂರು ಹೊಡೆದಾಗ ಶಿಗೆಮತ್ಸು ಉಳಿದ ಯಂತ್ರಗಳ ಸದ್ದು ತಗ್ಗಿಸಿ, ಪೊರಕೆ ಹಿಡಿದುಕೊಂಡೇ ಬಂದು ಅವಳ ಹಿಂದೆ ನಿಂತ.

ಮೂರನೇ ಘಟ್ಟಕ್ಕೆ ಕಾಲಿಟ್ಟಾಗ ಫುಮಿಹಾಚಿಗೆ ಒಂದೇ ಜೀವ ಉಳಿದಿತ್ತು. ಮುಂದೆ ದಾರಿ ಕವಲೊಡೆಯಿತು. ಮೇಲೆ ಸೇತುವೆ, ಬೆಳಕು. ಮಿಸಾವೊ ಹಿಡಿಕೆಯನ್ನು ಕೆಳಗೆ ಎಳೆದಳು.

ಬಿದಿರ ಕತ್ತಲು. ಮೊದಲ ಬಂಡೆ ಉರುಳಿತು, ಹಾರಿದಳು. ಎರಡನೆಯದು, ಬಗ್ಗಿದಳು. ಮೆಟ್ಟಿಲುಗಳು ಒಂದೊಂದೇ ಎದುರಾದವು. ಏಳನೆಯದು ಸವೆದು ಓರೆಯಾಗಿತ್ತು, ಅವಳು ಶಾಲೆಗೆ ಹೋಗುವಾಗ ಎಡವುತ್ತಿದ್ದದ್ದು ಅದೇ. ಬಿದಿರು ಮುಗಿಯಿತು. ದಾರಿ ತಿರುಗಿತು.

ಇದ್ದ.

ತಲೆ ಎಡಕ್ಕೆ ತುಸು ವಾಲಿತ್ತು. ಮೂಗಿನ ಮನೆ ಖಾಲಿಯಿತ್ತು. ಕೊರಳಲ್ಲಿ ಕೆಂಪು. ಮತ್ತೆ ಅವನ ಪಾದದ ಬಳಿ, ಅವಳು ಬಿಡಿಸಿರದ ಒಂದು ಚಿಕ್ಕ ಚುಕ್ಕೆ: ನಾಲ್ಕು ಮನೆ ಕಿತ್ತಳೆ ಬಣ್ಣ, ಮೇಲೆ ಒಂದು ಮನೆ ಹಸಿರು. ಜಾಗ ಸಾಲದ ಆ ಯಂತ್ರದಲ್ಲಿ ಯಾರೋ ಜಿಝೊನನ್ನು ಉಳಿಸಿದ್ದಲ್ಲದೆ, ಅವನ ಮುಂದೊಂದು ಹಣ್ಣನ್ನೂ ಇಟ್ಟುಹೋಗಿದ್ದರು. ಎದುರು ಮೇಜಿನಲ್ಲಿ ಕೂತು ಸಿಪ್ಪೆ ಸುಲಿಯುತ್ತಿದ್ದ ಕೈ ಅದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳ ಎರಡು ಕೈಗಳೂ ತಾವಾಗಿ ಮೇಲೆದ್ದು ಎದೆಯ ಮುಂದೆ ಕೂಡಿದವು. ಚಿಕ್ಕಂದಿನಿಂದ ಆ ತಿರುವಿನಲ್ಲಿ ಮಾಡುತ್ತಿದ್ದದ್ದು ಅದನ್ನೇ.

ಮೂರನೆಯ ಬಂಡೆ ಉರುಳಿ ಬಂದು ಫುಮಿಹಾಚಿಯನ್ನು ಹೊಡೆದುಕೊಂಡು ಹೋಯಿತು. ಪರದೆ ಕಪ್ಪಾಗಿ, ಮತ್ತೆ ಮೊದಲ ಹಳ್ಳಿ ಬಂತು.

ಶಿಗೆಮತ್ಸುವಿನ ಪೊರಕೆ ಗೋಡೆಗೊರಗಿತ್ತು. ಅವನ ಕೈಗಳೂ ಜೋಡಿಸಿದಂತೆಯೇ ಇದ್ದವು.

"ಅಕ್ಕ," ಎಂದ ಒಚಿ ಕೊನೆಗೆ, "ಹಿಡಿಕೆ ಬಿಟ್ಬಿಟ್ರಲ್ಲ." ಕುರ್ಚಿಯನ್ನು ತುಸು ಹಿಂದೆ ಸರಿಸಿದ. "ಇನ್ನೊಂದಾಟ ಆಡಿ. ನಾನೇನೂ ಕಾಯ್ತಾ ಇಲ್ಲ ಅಂತ ತಿಳ್ಕೊಳ್ಳಿ."

"ಕಾಯ್ತಾ ಇದೀರಲ್ಲ, ಕಾಣ್ತಿದೆ." ಮಿಸಾವೊ ಎದ್ದು, ತಲೆ ತಗ್ಗಿಸಿ, ಜಾಗ ಬಿಟ್ಟುಕೊಟ್ಟಳು. "ನೀವು ಹೋಗಿ ಬನ್ನಿ. ಕೆಳದಾರಿಲಿ ಹೋಗಿ."

ಅವಳು ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡಳು. ಹತ್ತು ದಿನಗಳಲ್ಲಿ ಮೊದಲ ಸಲ ಬೆರಳುಗಳು ಸುಮ್ಮನಿದ್ದವು. ಪೆನ್ನು ಹಿಡಿಯಲೆಂದು ಅವುಗಳನ್ನು ಎಬ್ಬಿಸಬೇಕಾಯಿತು. ಬೇರೆಯವರ ಅಕ್ಷರಗಳ ಕೆಳಗೆ, ದುಂಡಗೆ, ಬರೆದಳು:

ಮೂರನೇ ಘಟ್ಟ, ಕೆಳದಾರಿ. ಬಿದಿರು ಮುಗಿದ ತಿರುವಿನಲ್ಲಿ ಜಿಝೊ ಇದ್ದಾನೆ. ಮನಸ್ಸಿನಲ್ಲೇ ಕೈ ಮುಗಿಯಿರಿ, ಹಿಡಿಕೆ ಬಿಡಬೇಡಿ. ಅಲ್ಲಿರುವ ಹಣ್ಣನ್ನು ಎತ್ತಲು ಬರುವುದಿಲ್ಲ. ಅದು ಅವನದು.