ಕೊರಳಿನ ಕೆಂಪು ಗೀಟು

ನೊರೆ ಜಾರಿದಾಗ ಅವಳು ತೊಳೆಯುತ್ತಿದ್ದ ಫ್ಲಾಸ್ಕಿನ ಕೊರಳಲ್ಲಿ ಕೆಂಪು ಗೀಟು ಕಂಡಿತು, ಕೆಳಗೆ ಚೀಟಿ, ಹದಿನೇಳನೇ ನಂಬರು, ಶಾಲೆಯ ನೀರು — ಅಯ್ಯೋ, ಇದು ತಾನೇ ಎಳೆದದ್ದಲ್ಲವೆ, ಸ್ಯಾಂಪಲಿಗೆ ಶುದ್ಧ ನೀರು ಬೆರೆಸಿ ಹತ್ತು ಪಟ್ಟು ತೆಳು ಮಾಡಿದ ಮೇಲೆ ಮಾತ್ರ ಎಳೆಯುವ ಗೀಟು, ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ, ಹಿಂದೊಮ್ಮೆ ತೆಳು ಮಾಡುವುದನ್ನೇ ಮರೆತು, ಬಂದ ಅಂಕಿಯನ್ನು ಮಾತ್ರ ಹತ್ತರಿಂದ ಗುಣಿಸಿ, ಒಳ್ಳೆಯ ನೀರನ್ನು ವಿಷವೆಂದು ಬರೆದು ಮಾನ ಕಳೆದುಕೊಂಡ ಮೇಲೆ ಕಲಿತ ಬುದ್ಧಿ. ಅಂದಿನಿಂದ ಲ್ಯಾಬಿನವರಿಗೆಲ್ಲ ಅವಳು ಹತ್ತುಪಟ್ಟಕ್ಕ. ಹತ್ತುಪಟ್ಟಕ್ಕಾ, ಟೀಗೆ ಸಕ್ಕರೆ ಎಷ್ಟು ಚಮಚ, ಹತ್ತಾ? ಅವಳೂ ನಗುತ್ತಿದ್ದಳು, ನಗದೆ ಇನ್ನೇನು, ಅನ್ನ ಕೊಡುವ ಜಾಗ. ಮೊನ್ನೆ ಈ ನೀರಿನಲ್ಲಿ ಸೀಸ ಮಿತಿಯ ಒಂಬತ್ತು ಪಟ್ಟು ಬಂದಾಗ ಸಾಹೇಬರು ಕಾಗದವನ್ನು ಪೂರ್ತಿ ಓದಲೂ ಇಲ್ಲ, ಮತ್ತೆ ಶುರುವಾಯ್ತಾ ನಿಮ್ಮ ಹಳೇ ಚಾಳಿ, ತೆಳು ಮಾಡೋದು ಮರ್ತಿದ್ದೀರಿ — ಇಲ್ಲ ಸಾರ್, ಮಾಡಿದ ನೆನಪು — ನೆನಪು ಅಂತ ರಿಪೋರ್ಟಲ್ಲಿ ಬರೆಯೋಕಾಗುತ್ತೇನಮ್ಮಾ? ಕಾರಣ ಎಂಬಲ್ಲಿ ಅವರೇ ಗೀಚಿದರು, ಸಿಬ್ಬಂದಿಯ ತಪ್ಪು, ಇಲ್ಲಿ ಸಹಿ ಹಾಕಿ. ಹಾಕಿದಳು. ಥೂ, ಹಾಕಿಬಿಟ್ಟಳಲ್ಲ! ಯಂತ್ರ ತಪ್ಪುವುದಿಲ್ಲ, ಒಂದೇ ದಿನಕ್ಕೆ ನಲವತ್ತು ಸ್ಯಾಂಪಲ್ ಹೇರಿದವರು ತಪ್ಪುವುದಿಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ಸಾಹೇಬರ ಡ್ರೈವರ್ ತಂದ ಹೊಸ ಬಾಟಲಿ ನೀರು, ಎಲ್ಲಿಂದ ತಂದನೋ ಅವನಿಗೇ ಗೊತ್ತು, ಸೀಸದ ಸುಳಿವೇ ಇಲ್ಲ, ಎಲ್ಲರಿಗೂ ಸಮಾಧಾನ, ಅವಳಿಗೂ ಇತ್ತಲ್ಲ, ಸುಳ್ಳು ಯಾಕೆ. ಇವತ್ತು ಬೆಳಿಗ್ಗೆ ತಂಗಿಯ ಫೋನು, ಅಕ್ಕಾ, ಪುಟ್ಟಿ ಸ್ಕೂಲಲ್ಲಿ ಬೋರ್ಡ್ ಹಾಕಿದ್ದಾರೆ, ನೀರು ಚೊಕ್ಕ ಅಂತೆ, ನಿನ್ನ ಲ್ಯಾಬಿಂದೇ ಸರ್ಟಿಫಿಕೇಟು, ಇನ್ಮೇಲೆ ಪುಟ್ಟಿ ಬೆನ್ನಿಗೆ ಬಾಟ್ಲಿ ಹೊರಿಸಲ್ಲಪ್ಪ. ಒಳ್ಳೇದಾಯ್ತು ಬಿಡೇ, ಅಂದವಳು ಇವಳೇ, ಇದೇ ಬಾಯಿ. ಗೀಟು ಇದೆ ಅಂದರೆ ತೆಳು ಮಾಡಿದ್ದು ನಿಜ, ಸೀಸವೂ ನಿಜ. ಈಗ ಹೋಗಿ ತೋರಿಸಿದರೆ — ಗೀಟು ಈಗ ತಾನೇ ಎಳ್ಕೊಂಡು ಬಂದ್ರಾ ಅಂತಾರೆ, ಅಂದೇ ಅಂತಾರೆ, ಸಹಿ ಮುಖಕ್ಕೆ ಹಿಡೀತಾರೆ, ಮನೆಗೆ ಕಳಿಸ್ತಾರೆ. ಕಳಿಸಲಿ. ಕಳಿಸಲಿ ಅನ್ನುವುದು ಸುಲಭ. ಆಚೆ ಕೋಣೆಯಿಂದ ಯಾರೋ ಕೂಗುತ್ತಾರೆ, ಹತ್ತುಪಟ್ಟಕ್ಕಾ, ತೊಳೆದಾಯ್ತಾ? ಇಷ್ಟು ಹೊತ್ತಿಗೆ ಅಲ್ಲಿ ಊಟದ ಗಂಟೆ, ಪುಟ್ಟಿ ನಲ್ಲಿಗೆ ಬಾಯಿ ಕೊಟ್ಟು ಗಟಗಟ ಕುಡಿಯುತ್ತಾಳೆ, ಬಾಟಲಿ ಇಲ್ಲ, ದೊಡ್ಡಮ್ಮನ ಲ್ಯಾಬಿನ ನೀರು ಅಂತ ಗೆಳತಿಯರಿಗೆ ಬೇರೆ ಹೇಳುತ್ತಾಳೆ — ಇಲ್ಲ, ತೋರಿಸಬೇಕು, ಈಗಲೇ, ಎಂದು ಫ್ಲಾಸ್ಕನ್ನು ಬೆಳಕಿಗೆ ಎತ್ತಿದಳು, ಎಷ್ಟೋ ಸಾವಿರ ಫ್ಲಾಸ್ಕು ತೊಳೆದ ಹೆಬ್ಬೆರಳು, ಅವಳನ್ನು ಕೇಳದೆ, ಇಷ್ಟು ಹೊತ್ತೂ ಕೊರಳನ್ನು ಉಜ್ಜುತ್ತಲೇ ಇತ್ತು — ಕೆಂಪು ಗೀಟು, ಅರ್ಧ ಅಳಿದು, ಕೆಂಪು ಗೀಟು, ಅರ್ಧ