ಮಾತಿಗೆಂದು ಕೊಂಡ ಪುಸ್ತಕ

ನನ್ನ ಮೇಲೆ ಶಾಯಿ ಹರಡುವುದಿಲ್ಲ. ಊರು, ವಯಸ್ಸು, ಹೆತ್ತವರು ಯಾರು ಎಂಬುದೆಲ್ಲ ಆಮೇಲೆ. ಇದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಜಂಬಪಡಲು ಇರುವುದು ಇದೊಂದೇ. ನಾನು ಒಂದು ನೋಟ್‌ಬುಕ್ಕು. ನಾನೂರು ಪುಟ, ದಪ್ಪ ರಟ್ಟು, ರಟ್ಟಿನ ಮೇಲೆ ಕಡುನೀಲಿ ಬಟ್ಟೆ. ಒಳಗೆ ಗೆರೆಗಳಿಲ್ಲ.

ಹುಟ್ಟಿದ್ದು ಗದಗಿನಲ್ಲಿ, ಛಾಪಖಾನೆಗಳಿರುವ ಒಂದು ಓಣಿಯಲ್ಲಿ, ಬೈಂಡರ್ ದಸ್ತಗೀರಸಾಬರ ಕೈಯಲ್ಲಿ. ಯಾವುದೋ ಮಠದವರು ದಾಖಲೆ ಪುಸ್ತಕ ಮಾಡಿಸಲೆಂದು ಒಳ್ಳೆಯ ಲೆಜರ್ ಕಾಗದ ತರಿಸಿದ್ದರು. ಮಿಕ್ಕಿದ ಕಾಗದದಲ್ಲಿ ದಸ್ತಗೀರಸಾಬರು ಮೂರು ಪುಸ್ತಕ ಕಟ್ಟಿದರು. ಎಂಟೆಂಟು ಹಾಳೆಯ ಇಪ್ಪತ್ತೈದು ಕಟ್ಟುಗಳನ್ನು ದಾರದಲ್ಲಿ ಹೊಲಿದು, ಹುಳ ಬೀಳದಿರಲೆಂದು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಕಲಸಿ ನನ್ನ ಬೆನ್ನಿಗೆ ಬಳಿದರು. ಪಕ್ಕದ ಪ್ರೆಸ್ಸಿನವನೊಬ್ಬ ಬಂದು, ಇಷ್ಟೆಲ್ಲ ಯಾಕೆ, ಪಿನ್ನು ಹೊಡೆದರೆ ಆಗದೇ ಎಂದು ಕೇಳಿದ.

"ಪಿನ್ನ ಹೊಡದದ್ದು ತೆರದಿಟ್ರ ತಾನ ಮುಚ್ಚಿಕೊಂತೈತಿ. ದಾರ ಹಾಕಿದ್ದು ಹೇಳಿದಂಗ ಕೇಳತೈತಿ" ಎಂದರು ದಸ್ತಗೀರಸಾಬರು.

ಅಲ್ಲಿಂದ ನಮ್ಮ ಮೂವರನ್ನೂ ಬಜಾರದ ಸೆಟ್ಟರ ಅಂಗಡಿಗೆ ಕೊಟ್ಟರು. ಸೆಟ್ಟರು ಮೇಲಿನ ಗೂಡಿನಲ್ಲಿಟ್ಟರು. ಒಂದು ವರ್ಷ ಅಲ್ಲೇ ಕೂತೆ. ಕೆಳಗೆ ಹೂವಿನ ಚಿತ್ರ, ಕಾರಿನ ಚಿತ್ರದ ಪುಸ್ತಕಗಳು ಡಜನ್ನುಗಟ್ಟಲೆ ಹೋಗುತ್ತಿದ್ದವು. ನನ್ನನ್ನು ಇಳಿಸಿದವರು ತೂಕ ನೋಡಿ, ಗೆರೆ ಇಲ್ಲವೆಂದು ಮೂಗು ಮುರಿದು ವಾಪಸು ಕೊಡುತ್ತಿದ್ದರು. ನನಗೂ ಅವರ ಬಾಲ್‌ಪೆನ್ನುಗಳನ್ನು ಕಂಡರೆ ಅಷ್ಟಕ್ಕಷ್ಟೇ.

ಒಂದು ಬೆಳಿಗ್ಗೆ ಅಂದಾನೆಪ್ಪನವರು ಬಂದರು. ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಕ್ಲರ್ಕಾಗಿದ್ದು ನಿವೃತ್ತರಾದವರು. ನ್ಯಾಯಾಧೀಶರ ಕೆಳಗೆ ಕೂತು ಕೇಸಿನ ನಂಬರು, ವಾದಿ ಪ್ರತಿವಾದಿಗಳ ಹೆಸರು ಓದಿ ಹೇಳುವುದು ಅವರ ಕೆಲಸವಾಗಿತ್ತಂತೆ. ಅವರು ಒಳಗೆ ಹೇಳಿದ್ದು ಹೊರಗಿನ ಬೇವಿನ ಮರದ ತನಕ ಕೇಳುತ್ತಿತ್ತೆಂದು ಸೆಟ್ಟರೇ ಯಾರಿಗೋ ಹೇಳಿದ್ದನ್ನು ನಾನು ಗೂಡಿನಲ್ಲಿದ್ದಾಗ ಕೇಳಿದ್ದೆ. ಅವತ್ತು ಮಾತ್ರ ದನಿ ಒಡಕಾಗಿತ್ತು.

ಆರು ಪುಸ್ತಕ ಇಳಿಸಿ ಸಾಲಾಗಿ ಇಡಿಸಿದರು. ಪ್ರತಿಯೊಂದರ ಕೊನೆಯ ಹಾಳೆಯ ಮೂಲೆಯಲ್ಲಿ ಶಾಯಿಪೆನ್ನಿನಿಂದ ಒಂದು ಸಣ್ಣ ಗೆರೆ ಎಳೆದು, ಹಾಳೆ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದರು. ಮೊದಲ ಮೂರರಲ್ಲಿ ಶಾಯಿ ಬೇರು ಬಿಟ್ಟಂತೆ ಹರಡಿತು. ನಾಲ್ಕನೆಯದರಲ್ಲಿ ಹಿಂದಕ್ಕೆ ಇಳಿಯಿತು. ಐದನೆಯದು ಪಿನ್ನು ಹೊಡೆದದ್ದು. ಕೈ ತೆಗೆದ ಕೂಡಲೇ ಮುಚ್ಚಿಕೊಂಡಿತು. ನಾನು ಆರನೆಯದು.

ಸೆಟ್ಟರಿಗೆ ತಾಳ್ಮೆ ಕೆಟ್ಟಿತು. "ಸಾಹೇಬ್ರ, ಬುಕ್ಕ ನೋಡಾಕತ್ತೀರೋ, ಕನ್ಯಾ ನೋಡಾಕತ್ತೀರೋ?"

"ಇನ್ನ ಹತ್ತ ದಿನಕ್ಕ ನನ್ನ ದನಿ ಹೋಗತೈತಿ ಸೆಟ್ಟರ" ಎಂದರು ಅಂದಾನೆಪ್ಪನವರು. "ಹುಬ್ಬಳ್ಳಿ ದವಾಖಾನ್ಯಾಗ ಗಂಟಲದೊಳಗಿಂದು ಪೂರಾ ತೆಗೀತಾರ. ಆಮ್ಯಾಲೆ ನಮ್ಮನಿಯಾಕಿ ಕೂಡ ಮಾತಾಡಾಕ ಬೇಕಲ್ಲ, ಅದಕ್ಕ ನೋಡಾಕತ್ತೀನಿ."

ಸೆಟ್ಟರು ನನ್ನ ರಟ್ಟಿನ ಧೂಳನ್ನು ತಮ್ಮ ಹೆಗಲ ಮೇಲಿನ ಟವೆಲಿನಿಂದಲೇ ಒರೆಸಿ ಕೊಟ್ಟರು. ಹೀಗೆ ನಾನು ಮಾತಿನ ಪುಸ್ತಕವಾದೆ.

ಮನೆಯಲ್ಲಿ ಅವರ ಹೆಂಡತಿ ನೀಲಗಂಗವ್ವ, ಎಲ್ಲರಿಗೂ ನೀಲವ್ವ, ನನ್ನ ಮೊದಲ ಹಾಳೆಗೆ ಕುಂಕುಮದ ಬೊಟ್ಟಿಟ್ಟರು, ಅಂದಾನೆಪ್ಪನವರು ಅದರ ಕೆಳಗೆ ಶ್ರೀ ಬರೆದರು. ಹುಬ್ಬಳ್ಳಿಗೆ ನಾನು ಬಟ್ಟೆಯ ಚೀಲದಲ್ಲಿ, ಎರಡು ಪಂಚೆಗಳ ನಡುವೆ ಹೋದೆ. ಬರೆದು ಅಳಿಸುವ ಬಿಳಿ ಹಲಗೆ ಸಾಕೆಂದು ದವಾಖಾನೆಯ ನರ್ಸಮ್ಮ ಹೇಳಿದ್ದರಂತೆ. ಮೂವತ್ತನಾಲ್ಕು ವರ್ಷ ಬರೆದದ್ದನ್ನು ಅಳಿಸಿದವನಲ್ಲ ನಾನು ಎಂದು ಅಂದಾನೆಪ್ಪನವರು ಬೇಡವೆಂದಿದ್ದರು. ಆಪರೇಷನ್ ಆದ ನಾಲ್ಕನೆಯ ದಿನ ನನ್ನನ್ನು ಚೀಲದಿಂದ ತೆಗೆದರು. ಅವರ ಕುತ್ತಿಗೆಯಲ್ಲಿ ಉಸಿರಿಗೆಂದು ಒಂದು ತೂತು, ಅದಕ್ಕೊಂದು ನಳಿಕೆ ಇತ್ತು. ಬಾಯಿ ಆಡಿದರೂ ಸದ್ದು ಬರುತ್ತಿರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದು, ನನ್ನನ್ನು ಎದೆಯ ಮೇಲಿಟ್ಟುಕೊಂಡು ಬಹಳ ಅಂದವಾಗಿ ಬರೆದರು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕುಡಿಯುವ ನೀರಿನ ಬಗ್ಗೆ ವೈದ್ಯರಲ್ಲಿ ವಿಚಾರಿಸತಕ್ಕದ್ದು."

ಎಂಥ ಅಕ್ಷರ ಎಂದು ನಾನು ಹಿಗ್ಗಿದೆ. ನೀಲವ್ವ ಏಳನೆಯ ಇಯತ್ತೆ ಓದಿದವರು. ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ದಾಟಿ ಕೊನೆ ಮುಟ್ಟಿ, ತಲೆ ಎತ್ತಿ, "ಹೂಂನ್ರಿ" ಎಂದು ಅವರ ಹೊದಿಕೆ ಸರಿಪಡಿಸಿದರು. ಅರ್ಥವಾಗಿಲ್ಲವೆಂಬುದು ನನಗೇ ಗೊತ್ತಾಯಿತು.

ತಪ್ಪು ಯಾರದೂ ಅಲ್ಲ. ಅಂದಾನೆಪ್ಪನವರು ಆಡುತ್ತಿದ್ದದ್ದು ಮನೆಯ ಮಾತು, ಬರೆಯುತ್ತಿದ್ದದ್ದು ಕೋರ್ಟಿನ ಮಾತು. ಆಡುವಂತೆ ಬರೆಯಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಬರೆದರೆ ಅದು ಬರವಣಿಗೆ ಎಂದು ಅವರು ಒಪ್ಪುತ್ತಲೂ ಇರಲಿಲ್ಲ. ಪೆನ್ನು ಹಿಡಿದರೆ ಸಾಕು, ಸದರಿ, ಮೇಲ್ಕಾಣಿಸಿದ, ತತ್ಸಂಬಂಧ ಎಲ್ಲ ತಾವಾಗಿ ಇಳಿದು ಬರುತ್ತಿದ್ದವು. ಗದಗಿಗೆ ವಾಪಸಾದ ಮೇಲೂ ಅದೇ. ಗಂಜಿಗೆ ಉಪ್ಪು ಕಡಿಮೆಯಾದರೆ, "ಇಂದಿನ ದಿನಾಂಕದಂದು ಒದಗಿಸಲಾದ ಗಂಜಿಯಲ್ಲಿ ಉಪ್ಪಿನ ಕೊರತೆ ಕಂಡುಬಂದಿದ್ದು, ಸೂಕ್ತ ಕ್ರಮ ಜರುಗಿಸುವುದು" ಎಂದು ಬರೆದು ನನ್ನನ್ನು ನೀಲವ್ವನ ಮುಂದೆ ಹಿಡಿಯುತ್ತಿದ್ದರು.

ಇಲ್ಲಿ ನನ್ನದೂ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ನನ್ನಂಥ ಕಾಗದದಲ್ಲಿ ಶಾಯಿ ಹರಡುವುದಿಲ್ಲ ನಿಜ, ಆದರೆ ಬೇಗ ಒಣಗುವುದೂ ಇಲ್ಲ. ನೀಲವ್ವ ಬೆರಳಿಟ್ಟು ಓದಿದರೆ ಅಕ್ಷರ ಕಲೆಸಿಹೋಗುತ್ತಿತ್ತು. ಬೆರಳು ನೀಲಿಯಾಗಿ, ಅದು ರೊಟ್ಟಿ ಹಿಟ್ಟಿಗೂ ಹತ್ತಿತು. ಕ್ರಮೇಣ ಅವರು ಓದುವುದನ್ನೇ ಬಿಟ್ಟರು. ನನ್ನನ್ನು ಹಿಡಿದರೆ ಒಮ್ಮೆ ನೋಡಿ, ಹೂಂ ಅಂದು, ಒಳಗೆ ಹೋಗಿಬಿಡುವರು. ಮೂವತ್ತೊಂದು ವರ್ಷ ಒಂದೇ ಸಮನೆ ಮಾತಾಡಿದ ಗಂಡ ಹೆಂಡಿರ ನಡುವೆ ಮಾತು ನಿಲ್ಲುತ್ತಾ ಬಂತು. ಅಂದಾನೆಪ್ಪನವರು ನನ್ನನ್ನು ಮಡಿಲಲ್ಲಿಟ್ಟುಕೊಂಡು ಏನೂ ಬರೆಯದೆ ಕೂರುತ್ತಿದ್ದರು. ಪೆನ್ನಿನ ಮುಳ್ಳು ಒಣಗುತ್ತಿತ್ತು. ನನಗೆ ಬಹಳ ಸಂಕಟವಾಗುತ್ತಿತ್ತು.

ಒಂದು ಮಧ್ಯಾಹ್ನ ಅವರು ನಿಧಾನವಾಗಿ ಎರಡು ಸಾಲು ಬರೆದರು. "ಅರ್ಜಿದಾರನಿಗೆ ಒಂಟಿತನವು ಬಾಧಿಸುತ್ತಿರುವುದರಿಂದ, ತಾವು ಸ್ವಲ್ಪ ಕಾಲ ಸಮಕ್ಷಮದಲ್ಲಿ ಹಾಜರಿರಬೇಕೆಂದು ವಿನಂತಿ."

ನೀಲವ್ವ ಈ ಸಲ ಬೆರಳಿಡದೆ ಕಣ್ಣು ಕಿರಿದು ಮಾಡಿ ಓದಿದರು. ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಇಸ್ತ್ರಿ ಮಾಡಿದ ಅಂಗಿ, ಪಿಂಚಣಿಯ ಫೈಲು ಇದ್ದವು.

"ಎಲ್ಲಿಗ್ರಿ ಹಾಜರಾಗೂದು? ಆಟೋ ಕರೀತೀನಿ ತಡೀರಿ. ಬಿಸಲಾಗ ನಡಕೊಂತ ಹೋಗೂದು ಬ್ಯಾಡ."

ಅಂದಾನೆಪ್ಪನವರು ಅಂಗಿ ನೋಡಿದರು, ಫೈಲು ನೋಡಿದರು. ಅವರ ಹೊಟ್ಟೆ ಕುಣಿಯತೊಡಗಿತು. ನಗುತ್ತಿದ್ದರು. ಸದ್ದಿಲ್ಲ, ಕುತ್ತಿಗೆಯ ನಳಿಕೆಯಿಂದ ಬರಿಯ ಗಾಳಿ ಬುಸುಬುಸು ಬರುತ್ತಿತ್ತು. ನಗುತ್ತಾ ನಗುತ್ತಾ ಕಣ್ಣೀರು ಬಂದು ನಿಲ್ಲದಾಯಿತು. ನೀಲವ್ವ ಹೆದರಿ ಫೈಲನ್ನು ಕೆಳಗಿಟ್ಟು ಅವರ ಬೆನ್ನು ಸವರಿದರು.

"ನನಗ ಇದು ತಿಳಿಯೂದಿಲ್ರಿ" ಎಂದರು ಕೊನೆಗೆ. "ಎಷ್ಟ ದಿನ ಹೂಂ ಅನ್ಲಿ? ಇದು ನೀವಲ್ಲ, ಯಾರೋ ಕೋರ್ಟಿನವ್ರು ಮನಿಗೆ ಬಂದಂಗ ಆಗತೈತಿ. ಬಾಯಾಗ ಹೆಂಗ ಅಂತಿದ್ರಿ ಹಂಗ ಬರೀರಿ."

ಅಂದಾನೆಪ್ಪನವರು ಪೆನ್ನನ್ನು ನನ್ನ ಮೇಲೆ ಊರಿದರು. ಕೈ ಮುಂದೆ ಹೋಗಲೊಲ್ಲದು. ಪೆನ್ನಿನ ತುದಿಯಲ್ಲಿ ಶಾಯಿ ದುಂಡಗೆ ಕೂಡಿತು, ನಾನು ಅದನ್ನು ಹರಡಗೊಡದೆ ಹಿಡಿದುಕೊಂಡೆ. ಮನೆಯ ಮಾತಿಗೆ ಅಕ್ಷರ ಹಾಕಲು ಅವರಿಗೆ ನಾಚಿಕೆ. ಆಮೇಲೆ ದೊಡ್ಡದಾಗಿ, ಬಿಡಿಬಿಡಿಯಾಗಿ, ಶಾಲೆಯ ಹುಡುಗನ ಹಾಗೆ ಬರೆದರು:

"ಏ ನೀಲಾ. ಇಲ್ಲೆ ಕುಂದ್ರ ಬಾ."

ನೀಲವ್ವ ಒಂದೇ ನೋಟಕ್ಕೆ ಓದಿದರು. "ಹಾಂ, ಈಗ ಕೇಳಿಸ್ತು ನೋಡ್ರಿ" ಎಂದು ಮಂಚದ ಅಂಚಿಗೆ ಕೂತರು. ಸಂಜೆಯ ದೀಪ ಹಚ್ಚುವ ತನಕ ಏಳಲಿಲ್ಲ.

ಅಲ್ಲಿಂದ ನನಗೆ ಪುರಸೊತ್ತಿಲ್ಲ. ಕೋರ್ಟಿನ ಅಂದವಾದ ಅಕ್ಷರ ಹೋಯಿತು ಎಂದು ಮೊದಮೊದಲು ನನಗೆ ಬೇಸರವಾದದ್ದು ನಿಜ. ಆಮೇಲೆ ರುಚಿ ಹತ್ತಿತು. "ಚಾಕ್ಕ ಸಕ್ರಿ ಹಾಕಿಯೋ, ಬರೇ ತೋರ್ಸಿಯೋ?" "ನಿನ್ನ ತಂಗಿ ಬಂದಾಗೆಲ್ಲ ನನ್ನ ಬಾಯಿ ಮುಚ್ಚಿಸ್ತಿದ್ಲು, ಈಗ ಆಕಿ ಕೆಲಸ ಡಾಕ್ಟರ್ ಮಾಡ್ಯಾರ." "ನೀ ಸಿಟ್ಟಿಗೆದ್ದೀ ಅಂತ ಗೊತ್ತಾತು, ಬೋಗಾಣಿ ಸಪ್ಪಳ ಕೇಳಿದೆ." ಓದುವುದು ಮುಗಿದ ಮೇಲೆ ಶಾಯಿ ಒಣಗುವ ತನಕ ಇಬ್ಬರೂ ನನ್ನ ಮೇಲೆ ಬಗ್ಗಿ ಗಾಳಿ ಹಾಕುತ್ತಿದ್ದರು. ನೀಲವ್ವ ಬಾಯಿಯಿಂದ ಊದಿ, ಬಾಯಲ್ಲಿ ಉಸಿರು ಬಾರದ ಅಂದಾನೆಪ್ಪನವರು ಹಳೆಯ ಪಂಚಾಂಗದ ರಟ್ಟು ಬೀಸಿ.

ಒಂದೂ ಕಾಲು ವರ್ಷದಲ್ಲಿ ನಾನು ತುಂಬಿದೆ. ಅಂದಾನೆಪ್ಪನವರು ಸೆಟ್ಟರಲ್ಲಿಗೆ ಹೋಗಿ ನನ್ನ ತಮ್ಮನನ್ನು ತಂದರು. ನನ್ನನ್ನು ಗೋಡೆಯ ಗೂಡಿನಲ್ಲಿ ರೇಡಿಯೋದ ಪಕ್ಕ ಇಟ್ಟರು. ನಿವೃತ್ತಿ ಇಷ್ಟೇ ಎಂದುಕೊಂಡು ಕಣ್ಣು ಮುಚ್ಚಿದ್ದೆ.

ಒಂದು ದಿನ ಗೂಡು ಒರೆಸುತ್ತಿದ್ದ ನೀಲವ್ವ ನನ್ನನ್ನು ತೆರೆದು, ನಿಂತಲ್ಲೇ ಓದತೊಡಗಿದರು. ಓದುತ್ತಾ ನಕ್ಕರು. ಓದುತ್ತಾ ಹೋದಂತೆ ಮುಖ ಗಂಭೀರವಾಯಿತು. ನನ್ನನ್ನು ತಂದು ಗಂಡನ ಮುಂದೆ ಇಟ್ಟರು.

"ಇದರಾಗ ನಾ ಎಲ್ಲೆ ಅದೀನ್ರಿ?"

ಅಂದಾನೆಪ್ಪನವರು ಹೊಸ ಪುಸ್ತಕದಲ್ಲಿ ಬರೆದರು, "ನಿನಗ ಬಾಯಿ ಐತಿ. ನಿಂದು ಯಾಕ ಬರೀಬೇಕು?"

"ನಾಳೆ ಯಾರರ ಇದನ್ನ ಓದಿದ್ರ ಏನಂತಾರ? ಈ ಮನ್ಯಾಗ ಗಂಡ ಒಬ್ಬಾಂವ ಮಾತಾಡ್ತಿದ್ದ, ಹೆಂಡ್ತಿ ಮೂಕಿ ಇದ್ಲು ಅಂತಾರ. ನಾ ಎಷ್ಟ ಮಾತಾಡೀನಿ, ಒಂದೂ ಇಲ್ಲ ಇದರಾಗ."

ಅಂದಾನೆಪ್ಪನವರು ನನ್ನ ಎಡಪುಟ ತೋರಿಸಿದರು. ಅದು ಖಾಲಿ ಇತ್ತು. ಅಷ್ಟೂ ಎಡಪುಟಗಳು ಖಾಲಿ ಇದ್ದವು. ಸರ್ಕಾರಿ ಕಾಗದದಲ್ಲಿ ಶಾಯಿ ಹಿಂದಕ್ಕಿಳಿಯುತ್ತದೆಂದು ಒಂದೇ ಮಗ್ಗುಲಿಗೆ ಬರೆದ ಕೈ ಅದು. ನನ್ನಂಥದ್ದು ಸಿಕ್ಕರೂ ರೂಢಿ ಬಿಟ್ಟಿರಲಿಲ್ಲ. ನನಗದು ಅವಮಾನವೆಂದು ಎಷ್ಟೋ ಸಲ ಒಳಗೊಳಗೇ ಗೊಣಗಿದ್ದೇನೆ. ಅವರು ಪೆನ್ನನ್ನು ನೀಲವ್ವನಿಗೆ ಕೊಟ್ಟರು. ಮುಚ್ಚಳವನ್ನು ಮಾತ್ರ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರು. ಶಾಯಿಪೆನ್ನಿನವರು ಯಾರಿಗೆ ಪೆನ್ನು ಕೊಟ್ಟರೂ ಮುಚ್ಚಳ ಕೊಡುವುದಿಲ್ಲ, ಹೆಂಡತಿಗೂ ಅದೇ ಕಾಯಿದೆ.

ನೀಲವ್ವ ಒತ್ತಿ ಬರೆಯುತ್ತಿದ್ದರು. ಪೆನ್ನಿನ ಮುಳ್ಳು ನನ್ನ ಮೈ ಗೀರುತ್ತಿತ್ತು. ಗಂಡ ಬಲಕ್ಕೆ ಬರೆದದ್ದನ್ನು ಓದಿ, ಅವತ್ತು ತಾನೇನು ಅಂದಿದ್ದೆ ಎಂದು ನೆನಪು ಮಾಡಿಕೊಂಡು ಎಡಕ್ಕೆ ಬರೆಯುವರು. ದಿನಕ್ಕೆ ನಾಲ್ಕೋ ಐದೋ ಸಾಲು. "ಸಕ್ರಿ ಹಾಕೀನಿ, ನಿಮ್ಮ ನಾಲಿಗಿ ಕೆಟ್ಟೈತಿ." "ನನ್ನ ತಂಗೀದು ತಗೀಬ್ಯಾಡ್ರಿ, ಆಕಿ ದವಾಖಾನಿಗೆ ಬಂದು ಎಂಟ ದಿನ ಕುಂತಾಳ." ಅಂದಾನೆಪ್ಪನವರು ಅದನ್ನು ಓದಿ, ನೀನು ಹೀಗೆ ಅಂದಿರಲಿಲ್ಲ ಎಂದು ತಲೆಯಾಡಿಸುವರು. ಅಂದಿದ್ದೆ ಎಂದು ನೀಲವ್ವ ವಾದಿಸುವರು. ಕೆಲವು ಕಡೆ ಅಂಚಿನಲ್ಲಿ "ಆಕ್ಷೇಪಣೆ ಇದೆ" ಎಂದು ಹಳೆಯ ಅಂದವಾದ ಅಕ್ಷರದಲ್ಲಿ ಬರೆದದ್ದೂ ಉಂಟು. ಒಂದು ತಿಂಗಳು ಕಳೆದ ಮೇಲೆ ಮುಚ್ಚಳವೂ ನೀಲವ್ವನ ಕೈಗೆ ಬಂತು.

ಹೀಗೆ ಎಲ್ಲ ಎಡಪುಟಗಳೂ ಮುಗಿದವು, ಒಂದನ್ನು ಬಿಟ್ಟು. ಶ್ರೀ ಬರೆದ ಹಾಳೆಯ ಬೆನ್ನು, ನೀರಿನ ಬಗ್ಗೆ ಬರೆದ ಮೊದಲ ಪುಟದ ಎದುರಿನದು. ನೀಲವ್ವ ಅದನ್ನು ತೆರೆಯುವರು, ಪೆನ್ನು ಹಿಡಿಯುವರು, ಮುಚ್ಚುವರು. ವಾರಗಟ್ಟಲೆ ಹೀಗೇ ನಡೆಯಿತು. ಅಂದಾನೆಪ್ಪನವರು ಕೇಳಲಿಲ್ಲ. ಒಂದು ಮಧ್ಯಾಹ್ನ, ಅನ್ನಕ್ಕೆ ಇಟ್ಟು ಬಂದು, ನಿಂತೇ ಬರೆದರು. ಆ ಸಾಲುಗಳು ನನಗೆ ಬಾಯಿಪಾಠವಾಗಿವೆ.

"ಆಪರೇಷನ್ ಖೋಲಿಗೆ ಒಯ್ಯೂ ಮುಂದ ಇವರು ಹೊಳ್ಳಿ ನೋಡಿ, ನೀಲಾ ನಿಂದು ಊಟ ಆತೇನ ಅಂದ್ರು. ಅದ ಇವರ ದನಿ ಕಡೀಕ ಕೇಳಿದ್ದು. ನಾ ಆತ್ರಿ ಅಂದೆ. ಆಗಿದ್ದಿಲ್ಲ."

ಬರೆದು, ನನ್ನನ್ನು ಗಂಡನ ಮಡಿಲಿಗಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತರು. ಇಷ್ಟು ದಿನ ಆಕೆಯನ್ನು ಒಳಗಿಂದ ಕೊರೆಯುತ್ತಿದ್ದದ್ದು ಇದೇ ಎಂದು ನನಗೆ ಆಗ ತಿಳಿಯಿತು. ಗಂಡನ ದನಿಗೆ ತಾನು ಕೊಟ್ಟ ಕೊನೆಯ ಉತ್ತರ ಸುಳ್ಳಾಗಿತ್ತು, ಆ ದನಿ ಮತ್ತೆ ಬಂದು ಕೇಳುವಂತಿರಲಿಲ್ಲ.

ಅಂದಾನೆಪ್ಪನವರು ಎರಡು ಸಲ ಓದಿದರು. ಪೆನ್ನು ತೆಗೆದುಕೊಂಡು ಅದೇ ಎಡಪುಟದಲ್ಲಿ, ಆಕೆಯ ಸಾಲಿನ ಕೆಳಗೇ ಬರೆದರು. ಆಮೇಲೆ ಕೈಯಿಂದ ಮಂಚ ತಟ್ಟಿದರು. ನೀಲವ್ವ ತಿರುಗಿ ಬಂದು ನೋಡಿದರು.

"ಗೊತ್ತಿತ್ತು. ಬುತ್ತಿ ಗಂಟು ಬಿಚ್ಚಿದ್ದಿಲ್ಲ ನೀ. ಸುಮ್ನ ಒಳಗ ಹೋದೆ, ನಿನ್ನ ಕೂಡ ಜಗಳಾಡಿ ಹೋಗೂದು ಬ್ಯಾಡ ಅಂತ."

ನೀಲವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಅಂದಾನೆಪ್ಪನವರು ಆಕೆಯನ್ನು ಅಳಲು ಬಿಟ್ಟರು, ಅವಸರ ಮಾಡಲಿಲ್ಲ. ನಾನು ಅಷ್ಟೂ ಅಕ್ಷರಗಳನ್ನು ಅಲುಗದಂತೆ ಹಿಡಿದುಕೊಂಡಿದ್ದೆ. ಒಳ್ಳೆಯ ಕಾಗದಕ್ಕೆ ಬರುವ ಕೆಲಸ ಅದೊಂದೇ, ಕೊಟ್ಟದ್ದನ್ನು ಕೊಟ್ಟಲ್ಲೇ ಇಟ್ಟುಕೊಳ್ಳುವುದು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅನ್ನ ಸೀದ ವಾಸನೆ ಬಂತು. ನೀಲವ್ವ ಮೂಗು ಒರೆಸಿಕೊಂಡು ಎದ್ದರು, ಅಂದಾನೆಪ್ಪನವರೂ ಅವರ ಭುಜ ಹಿಡಿದುಕೊಂಡು ಎದ್ದರು. ಶಾಯಿ ಒಣಗಲಿ ಎಂದು ನನ್ನನ್ನು ತೆರೆದೇ ಇಟ್ಟು, ಇಬ್ಬರೂ ಊಟಕ್ಕೆ ಹೋದರು.