ಸಡಿಲ ಬಿಟ್ಟ ಪಟ್ಟಿ

“ಎತ್ತಬೇಡಿ, ಎತ್ತಬೇಡಿ! ಬಾಯಲ್ಲಿ ಇನ್ನೂ ಮರ ಇದೆ!” ಎಂದು ಮನೆ ಯಜಮಾನನ ಗೆಳೆಯ ವೆಲ್ಡರ್ ಕೂಗಿದ್ದೇ ತಡ, ಯಂತ್ರದ ಬುಡಕ್ಕೆ ಕೈ ಕೊಟ್ಟಿದ್ದ ಅಳಿಯ ಬೆಚ್ಚಿಬಿದ್ದು ಹಿಂದೆ ಸರಿದ.

ಮನೆಗಿದ್ದದ್ದು ಒಂದೇ ಬಾಗಿಲು. ಬಾಗಿಲ ಪಕ್ಕದಲ್ಲೇ ಗಟ್ಟಿಮುಟ್ಟಾದ ಮೇಜು, ಅದರ ಮೇಲೆ ಮರ ಸೀಳುವ ಯಂತ್ರ, ಬ್ಯಾಂಡ್‌ಸಾ. ಬಸ್ ಡ್ರೈವರಾಗಿ ನಿವೃತ್ತನಾದ ಯಜಮಾನ ಬದುಕಿದ್ದಷ್ಟು ದಿನ ಹೊಟ್ಟೆ ಒಳಗೆಳೆದುಕೊಂಡು ಅಲ್ಲಿ ದಾಟುತ್ತಿದ್ದ. ಇವತ್ತು ಅವನು ಹಾಗೆ ದಾಟುವಂತಿರಲಿಲ್ಲ. ಹೊತ್ತುಕೊಂಡು ಹೋಗುವವರಿಗೆ ದಾರಿ ಬೇಕಿತ್ತು.

“ನೋಡೇ, ಇವತ್ತೂ ದಾರಿ ಬಿಡ್ತಿಲ್ಲ ನಿನ್ನ ಸವತಿ,” ಎಂದಳು ಒಳಗಿನಿಂದ ಇಣುಕಿದ ಅಕ್ಕ. ಆ ಯಂತ್ರಕ್ಕೆ ಸವತಿ ಎಂದು ಹೆಸರಿಟ್ಟವಳೇ ಈ ಅಕ್ಕನ ತಂಗಿ, ಅವನ ಹೆಂಡತಿ. ಬೇರೆ ದಿನವಾಗಿದ್ದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದಳು. ಈಗ ತಂಗಿಯ ಕಣ್ಣು ಅಕ್ಕನ ಕಡೆ ತಿರುಗಲೇ ಇಲ್ಲ.

ಬೆಳಗಿನಿಂದ ಅವಳದು ಒಂದೇ ಪ್ರಶ್ನೆ. ಬಂದವರನ್ನೆಲ್ಲ ಕೈ ಹಿಡಿದು ಕೇಳುತ್ತಿದ್ದಳು: “ಅವರಿಗೆ ಗೊತ್ತಾಗಿತ್ತಾ?”

“ಗೊತ್ತಾಗೋಷ್ಟು ಹೊತ್ತೇ ಇರಲಿಲ್ಲ ಅಮ್ಮಾ” ಎಂದಿದ್ದರು ಡಾಕ್ಟರು, ಸಮಾಧಾನಕ್ಕೆ. ಆ ಮಾತು ಕೇಳಿದ ಮೇಲೆಯೇ ಅವಳು ಎಲ್ಲರನ್ನೂ ಕೇಳತೊಡಗಿದ್ದು. ನಿನ್ನೆ ಮಧ್ಯಾಹ್ನ ಅವನು ಅಡಿಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಿದ್ದ. “ಬಂದ್ರಾ ಹೊಟ್ಟು ಉದುರಿಸ್ಕೊಂಡು? ಈಗಷ್ಟೇ ಒರೆಸಿದೀನಿ! ಯಾಕೆ, ನನ್ನ ಸವತಿ ಹೊರಗೆ ಹಾಕಿದಳಾ?” ಎಂದು ರೇಗಿದ್ದಳು. ಅವನು ನಕ್ಕ. “ಟೀ ಏನೂ ಬೇಡ ಕಣೆ. ಸುಮ್ಮನೆ ಕೂತ್ಕೋತೀನಿ, ನೀನು ಮಾತಾಡ್ತಿರು,” ಎಂದ. ಅವಳು ಒಲೆಯ ಕಡೆ ತಿರುಗಿ ಬೈಯುತ್ತಲೇ ಇದ್ದಳು. ಮತ್ತೆ ತಿರುಗಿ ನೋಡಿದಾಗ ಅವನ ತಲೆ ಗೋಡೆಗೆ ಒರಗಿತ್ತು.

ಎಂದಿನಂತೆ ಟೀ ಹೊತ್ತಿಗೆ ಎದ್ದು ಬಂದವನು ಏನೂ ತಿಳಿಯದೆ, ಬೈಗುಳ ಕೇಳುತ್ತಲೇ ಹೋಗಿಬಿಟ್ಟನೇ? ಅವಳಿಗೆ ಅದೊಂದು ತಿಳಿಯಬೇಕಿತ್ತು.

*

ಯಂತ್ರ ಮನೆಗೆ ಬಂದದ್ದು, ಬಾಗಿಲು ಹಾಕಿದ್ದ ಒಂದು ಫೋಟೋ ಫ್ರೇಮಿನ ಅಂಗಡಿಯಿಂದ. ನೋಡಲು ವೆಲ್ಡರನೂ ಜೊತೆಗೆ ಹೋಗಿದ್ದ. ಕೆಳಗೊಂದು ಚಕ್ರ, ಮೇಲೊಂದು ಚಕ್ರ, ಎರಡನ್ನೂ ಸುತ್ತಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಮೈತುಂಬ ತುಕ್ಕು ಹಿಡಿದಿತ್ತು, ಚಕ್ರದ ರಬ್ಬರು ಬಿರುಕು ಬಿಟ್ಟಿತ್ತು.

“ಗುಜರಿಯವನೂ ಮುಟ್ಟಲ್ಲ ಇದನ್ನ. ನಡಿ, ನಡಿ,” ಎಂದ ವೆಲ್ಡರ್.

ಡ್ರೈವರು ಪಟ್ಟಿ ಬಿಚ್ಚಿ, ಮೇಲಿನ ಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸಿ, ಕಣ್ಣು ಮುಚ್ಚಿ ಕಿವಿ ಕೊಟ್ಟ. ಚಕ್ರ ಸದ್ದಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. “ಬೇರಿಂಗ್ ಚೆನ್ನಾಗಿದೆ ಕಣೋ. ಉಳಿದದ್ದೆಲ್ಲ ಮೇಲುಮೇಲಿನ ಕಾಯಿಲೆ.”

ತುಕ್ಕು ಉಜ್ಜಿ, ರಬ್ಬರು ಬದಲಿಸಿ, ಹೊಸ ಪಟ್ಟಿ ಬಿಗಿದು ಯಂತ್ರ ಓಡಿಸಿದ ದಿನ ಸದ್ದಿಗೆ ಜಗಳ ತೆಗೆಯಲೆಂದೇ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದಳು. ಅವನು ಒಂದು ಮರದ ತುಂಡನ್ನು ನಿಲ್ಲಿಸಿ ಹಿಡಿದು, ಅದರ ಮೈಯಿಂದ ಕಾಗದದಷ್ಟು ತೆಳ್ಳಗಿನ ಪದರ ಸೀಳಿ, ಕಿಟಕಿಗೆ ಹಿಡಿದ. ಬಿಸಿಲು ಮರದೊಳಗಿಂದ ಹಾದು ಬಂತು. ಜೇನಿನ ಬಣ್ಣ, ಅದರೊಳಗೆ ನೀರಿನ ಸುಳಿಯಂತೆ ಗೆರೆಗಳು.

“ಅಯ್ಯೋ ದೇವರೇ! ಇದು ಮರವೇನ್ರೀ?”

“ಮರಾನೇ. ಇದನ್ನ ಇಲ್ಲಿವರೆಗೂ ಯಾರೂ ನೋಡಿಲ್ಲ. ನೀನೇ ಮೊದಲು.”

ಜಗಳ ಮರೆತೇಹೋಯಿತು. ಆಮೇಲೆ ಅವಳು ಎಷ್ಟೇ ಸವತಿ ಅಂದುಕೊಂಡು ಓಡಾಡಲಿ, ಸೀಳಿದ ಮರವನ್ನು ಮೊದಲು ನೋಡುವ ಕಣ್ಣು ಮಾತ್ರ ಅವಳದೇ. ಕರೆಯುವುದು ತಡವಾದರೆ ಕೋಪ ಬೇರೆ ಬರುತ್ತಿತ್ತು.

ಯಂತ್ರದ ಆರೈಕೆಯಲ್ಲಿ ಅವನು ಒಂದು ಕೆಲಸವನ್ನು ಯಾವ ದಿನವೂ ತಪ್ಪಿಸಿದವನಲ್ಲ. ಸಂಜೆ ಕೆಲಸ ಮುಗಿದ ಮೇಲೆ ತಲೆಯ ಮೇಲಿನ ತಿರುಪು ತಿರುಗಿಸಿ ಪಟ್ಟಿ ಸಡಿಲ ಬಿಡುವುದು. “ರಾತ್ರಿಯೆಲ್ಲ ಬಿಗಿದೇ ಇಟ್ರೆ ರಬ್ಬರು ತಗ್ಗು ಬೀಳುತ್ತೆ, ಪಟ್ಟಿಯೂ ಸೋತುಹೋಗುತ್ತೆ,” ಎನ್ನುತ್ತಿದ್ದ. ಊಟಕ್ಕೆ ಎದ್ದರೂ ಟೀಗೆ ಎದ್ದರೂ ಸ್ವಿಚ್ ಮಾತ್ರ ಆರಿಸುತ್ತಿದ್ದ. ಮರ ಬಾಯಲ್ಲಿದ್ದಾಗ ತಿರುಪಿಗೆ ಕೈ ಹಾಕುತ್ತಿರಲಿಲ್ಲ.

*

“ಮರ ಎಳೆದುಬಿಡಲಾ?” ಎಂದು ಅಳಿಯ ಕೇಳಿದ.

ವೆಲ್ಡರ್ ಬಗ್ಗಿ ಪಟ್ಟಿಯನ್ನು ಬೆರಳಿನಿಂದ ಒತ್ತಿದ. ಅದು ಸಡಿಲವಾಗಿ ಜೋಲಾಡಿತು. ಗೋಡೆಯ ಕಡೆ ನೋಡಿದ. ಪ್ಲಗ್ ಕಿತ್ತು, ವೈರು ಸುತ್ತಿ, ಮೊಳೆಗೆ ನೇತುಹಾಕಿತ್ತು.

“ಅತ್ತಿಗೇ, ಸ್ವಲ್ಪ ಇಲ್ಲಿ ಬನ್ನಿ. ನಿನ್ನೆಯಿಂದ ಇದನ್ನ ಯಾರಾದ್ರೂ ಮುಟ್ಟಿದ್ರಾ?”

“ಯಾರು ಮುಟ್ತಾರೆ? ನನ್ನನ್ನೇ ಹತ್ತಿರ ಬಿಟ್ಕೊಂಡೋರಲ್ಲ,” ಎನ್ನುತ್ತ ಅವಳು ಮಗಳ ತೋಳು ಹಿಡಿದು ಬಂದಳು.

“ಪಟ್ಟಿ ಸಡಿಲ ಬಿಟ್ಟಿದಾನೆ ಅತ್ತಿಗೆ. ಮರ ಇನ್ನೂ ಅರ್ಧದಲ್ಲಿದೆ.”

ಅವಳು ಮರ ನೋಡಿದಳು, ತಿರುಪು ನೋಡಿದಳು, ಸುತ್ತಿಟ್ಟ ವೈರು ನೋಡಿದಳು. ಇಷ್ಟು ವರ್ಷ ಜೊತೆಗಿದ್ದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹಾಗಾದ್ರೆ ಟೀಗೆ ಬಂದದ್ದಲ್ಲ,” ಎಂದಳು ಮೆಲ್ಲಗೆ. “ಮತ್ತೆ ಇಲ್ಲಿಗೆ ಬರಲ್ಲ ಅಂತ ಗೊತ್ತಾಗೇ ಬಂದದ್ದು. ನನ್ನ ಹತ್ತಿರ.”

ಮಗಳು ಬಿಕ್ಕಿದಳು. “ಯಾರನ್ನಾದ್ರೂ ಕೂಗಬಾರದಿತ್ತಾ ಅಪ್ಪ!”

“ಕೂಗೋ ಪೈಕಿಯೇ ಅದು? ಬಸ್ಸು ಕೆಟ್ಟರೂ ಒಳಗಿರೋರಿಗೆ ಗೊತ್ತಾಗದ ಹಾಗೆ ಪಕ್ಕಕ್ಕೆ ತಂದು ನಿಲ್ಲಿಸ್ತಿದ್ದ ಮನುಷ್ಯ,” ಎಂದ ವೆಲ್ಡರ್.

ಎದೆ ಹಿಂಡುತ್ತಿರುವಾಗ ಆ ಕೈ ತಿರುಪು ತಿರುಗಿಸಿತ್ತು, ವೈರು ಸುತ್ತಿತ್ತು. ನೆನೆದರೆ ವೆಲ್ಡರನಿಗೆ ಭಯವೂ ಆಗುತ್ತಿತ್ತು, ಕೈ ಮುಗಿಯಬೇಕೆಂದೂ ಅನಿಸುತ್ತಿತ್ತು.

ಅವಳು ಮಗಳ ತೋಳು ಬಿಟ್ಟು ಮೇಜಿನ ಬಳಿ ಹೋದಳು. ಯಂತ್ರಕ್ಕೆ ಕೈ ತಾಗಿಸಿದ್ದು ಅದೇ ಮೊದಲು. ಮರವನ್ನು ಎರಡೂ ಕೈಯಲ್ಲಿ ಹಿಡಿದು, ಹೋದ ದಾರಿಯಲ್ಲೇ ಮೆಲ್ಲಗೆ ಹಿಂದಕ್ಕೆ ತೆಗೆದಳು. ಸಡಿಲಾದ ಪಟ್ಟಿ ತಡೆಯಲಿಲ್ಲ.

“ತಡೀರಿ, ಒಂದು ಕ್ಷಣ,” ಎಂದು ಹೊರುವವರಿಗೆ ಹೇಳಿ ಬಾಗಿಲಲ್ಲಿ ಬಿಸಿಲಿಗೆ ನಿಂತಳು. ಅರ್ಧ ಸೀಳಿದ್ದ ತೆಳ್ಳನೆ ಪದರದ ಕೆಳಗೆ ಬೆರಳು ತೂರಿಸಿ, ಕೊಂಚವೇ ಎತ್ತಿ, ಸಂದಿಗೆ ಕಣ್ಣಿಟ್ಟಳು.

“ನೋಡಿದೆ ಕಣ್ರೀ,” ಎಂದಳು.

ಪದರದುದ್ದಕ್ಕೂ ಬೆಳಕು ಜೇನಿನ ಬಣ್ಣದಲ್ಲಿ ಹರಿದು, ಅವನು ನಿಲ್ಲಿಸಿದ್ದ ಜಾಗದವರೆಗೂ ಹೋಗಿತ್ತು.